ಮಾತು ಕಡಿಮೆಯಿರುವ ಹುಡುಗಿಗೆ ನರ್ಸಿಂಗ್ ಹೊಂದುತ್ತದೆಯೇ?

ಪ್ರಶ್ನೆ (ಕಾರ್ಕಳದಿಂದ ಒಬ್ಬ ತಂದೆ)

ನಮಸ್ಕಾರ. ದ್ವಿತೀಯ ಪಿಯುಸಿ ಮುಗಿಸಿರುವ ನನ್ನ ಮಗಳು ಮಂಗಳೂರಿನಲ್ಲಿ 4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಸೇರಬೇಕೆಂದಿದ್ದಾಳೆ. ಅಜ್ಜಿ ಹಾಸಿಗೆ ಹಿಡಿದಿದ್ದಾಗ ಮುಖ ಸಿಂಡರಿಸದೆ ಎಲ್ಲವನ್ನೂ ನೋಡಿಕೊಂಡವಳು ಅವಳೇ. ಆದರೆ ಮಾತು ತೀರಾ ಕಡಿಮೆ, ಹೊಸಬರೆದುರು ಇನ್ನೂ ಕಡಿಮೆ. ಬಾಯಿ ಜೋರಿಲ್ಲದವರು ಆಸ್ಪತ್ರೆಯಲ್ಲಿ ನಿಲ್ಲಲಾರರೆಂದು ನೆಂಟರು ಹೆದರಿಸುತ್ತಿದ್ದಾರೆ. ಇದು ನಿಜವೇ?

ಉತ್ತರ 1 (ನಿವೃತ್ತ ಶುಶ್ರೂಷಕಿ, ಮಂಗಳೂರು)

ಮಾತು ಕಡಿಮೆಯಿರುವುದು ಕೊರತೆಯಲ್ಲ ಸರ್, ಕೇಳುವ ಕಿವಿ ಇಲ್ಲದಿರುವುದು ಕೊರತೆ. ನಮ್ಮ ಕಡೆಯ ವಯಸ್ಸಾದ ಹೆಂಗಸರನ್ನು ನೋವಿದೆಯೇ ಎಂದು ಕೇಳಿದರೆ, ಹಲ್ಲು ಕಚ್ಚಿ ಹಿಡಿದಿದ್ದರೂ 'ದಾಲ ಇಜ್ಜಿ' (ಏನೂ ಇಲ್ಲ) ಎಂದುಬಿಡುತ್ತಾರೆ. ಅಲ್ಲಿಗೆ ಸುಮ್ಮನಾದರೆ ಕೇಸ್ ಶೀಟಿನಲ್ಲಿ ನೋವಿಲ್ಲವೆಂದು ದಾಖಲಾಗುತ್ತದೆ. ಅವರು ಮಗ್ಗುಲು ಬದಲಿಸುವಾಗ ಮುಖ ನೋಡಿ, ಪಕ್ಕದಲ್ಲಿ ಕುಳಿತು 'ಓಲು ಬೇನೆ ಆಪುಂಡು?' (ಎಲ್ಲಿ ನೋಯುತ್ತದೆ?) ಎಂದು ತುಳುವಿನಲ್ಲಿ ಕೇಳಿದರೆ ಕೈ ತಾನಾಗಿ ನೋವಿನ ಜಾಗಕ್ಕೆ ಹೋಗುತ್ತದೆ. ವಾರ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕಾಸರಗೋಡಿನಿಂದ ಬಂದವರ ಮಲಯಾಳಂ ಎಲ್ಲವೂ ಇರುತ್ತವೆ. ಪ್ರತಿಯೊಂದರಲ್ಲೂ ಹತ್ತಿಪ್ಪತ್ತು ವಾಕ್ಯ ಬಂದರೂ ಸಾಕು. ಸೊಸೆಯನ್ನೋ ಮಗನನ್ನೋ ದುಭಾಷಿಯಾಗಿ ನಿಲ್ಲಿಸಿಕೊಂಡರೆ ರಕ್ತಸ್ರಾವ, ಮಲಬದ್ಧತೆಯಂಥ ಸಂಕೋಚದ ವಿಷಯಗಳು ನಡುವೆಯೇ ಸೋರಿಹೋಗುತ್ತವೆ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ 'ಊಟ ಆಗಿದೆಯೇ?' ಎಂದದ್ದಕ್ಕೆ ಒಬ್ಬರು ಇಲ್ಲವೆಂದರು. ಅದು ಸುಳ್ಳೂ ಆಗಿರಲಿಲ್ಲ, ಏಕೆಂದರೆ ಅವರು ತೆಗೆದುಕೊಂಡದ್ದು ಹಾಲು ಹಾಕಿದ ಚಾ ಮತ್ತು ಎರಡು ರಸ್ಕ್ ಮಾತ್ರ. ಅಂದಿನಿಂದ ನಾನು 'ಎದ್ದ ಮೇಲೆ ಬಾಯಿಗೆ ಏನೇನು ಹಾಕಿದ್ದೀರಿ?' ಎಂದೇ ಕೇಳುತ್ತಿದ್ದೆ. ಹಾಗೆಯೇ ಮನೆಗೆ ಕಳುಹಿಸುವಾಗ 'ಅರ್ಥವಾಯಿತೇ?' ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಈ ಮಾತ್ರೆಯನ್ನು ಯಾವಾಗ ನುಂಗುತ್ತೀರಿ ಎಂದು ಅವರಿಂದಲೇ ಹೇಳಿಸಬೇಕು.

ಉತ್ತರ 2 (ಐಸಿಯು ಶುಶ್ರೂಷಕ, ಉಡುಪಿ)

ಸಿಸ್ಟರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ರೋಗಿಯ ಬಳಿ ಮೌನ ಸಲ್ಲುತ್ತದೆ, ವೈದ್ಯರ ಬಳಿ ಸಲ್ಲದು. ರಾತ್ರಿ ಎರಡು ಗಂಟೆಗೆ ರಕ್ತದೊತ್ತಡ ಕುಸಿಯುತ್ತಿರುವಾಗ, ಎಬ್ಬಿಸಿದರೆ ಡಾಕ್ಟರ್ ಬೈದಾರೆಂದು ಅಳುಕುವ ಸ್ವಭಾವ ಅಪಾಯಕಾರಿ. ಇದಕ್ಕೆ ಎಸ್‌ಬಿಎಆರ್ ಎಂಬ ಕ್ರಮವಿದೆ: ಈಗ ಏನಾಗಿದೆ, ರೋಗಿಯ ಹಿನ್ನೆಲೆಯೇನು, ನನ್ನ ಅಂದಾಜೇನು, ನಿಮ್ಮಿಂದ ಏನಾಗಬೇಕು ಎಂದು ಅದೇ ಅನುಕ್ರಮದಲ್ಲಿ ಹೇಳುವುದು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಈ ಪದ್ಧತಿ ಮಿತಭಾಷಿಗಳಿಗೆ ವರದಾನ, ಏಕೆಂದರೆ ಅರ್ಧ ನಿಮಿಷದಲ್ಲಿ ಮಾತು ಮುಗಿಯುತ್ತದೆ. ಫೋನಿನಲ್ಲಿ ಸಿಕ್ಕ ಆದೇಶವನ್ನು ಬರೆದುಕೊಂಡು ಮರಳಿ ಓದಿ ಹೇಳಬೇಕು. ಫಿಫ್ಟೀನ್ ಮತ್ತು ಫಿಫ್ಟಿ ಕಿವಿಗೆ ಒಂದೇ ರೀತಿ ಕೇಳುವುದರಿಂದ 'ಒನ್ ಫೈವ್' ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಇವೆಲ್ಲ ಅಭ್ಯಾಸದಿಂದ ಬರುತ್ತವೆ.

ಉತ್ತರ 3 (ರೋಗಿಯ ಕಡೆಯವರು, ಸುರತ್ಕಲ್)

ನಾನು ವೃತ್ತಿಯವನಲ್ಲ. ತಾಯಿಯೊಂದಿಗೆ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನಗಳಲ್ಲಿ ಅವರನ್ನು ಹೆಚ್ಚು ಕಂಗೆಡಿಸಿದ್ದು ಹಾಸಿಗೆಯ ಕಾಲಬುಡದಲ್ಲಿ ನಡೆಯುತ್ತಿದ್ದ ಪಿಸುಮಾತು. ರೋಗಿಗೆ ಕೇಳಿಯೂ ಕೇಳದಂತೆ ಪಿಸುಗುಟ್ಟುವುದು ಕ್ರೂರವೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿಯೇ ಬರೆದಿದ್ದರು. ತಾಯಿ ಎಲ್ಲರಿಗಿಂತ ಹೆಚ್ಚು ನಂಬಿದ್ದು ಯಾವ ಇಂಜೆಕ್ಷನ್, ಯಾಕೆ ಎಂದು ಎರಡೇ ಮಾತಿನಲ್ಲಿ ಹೇಳಿ ಸೂಜಿ ಚುಚ್ಚುತ್ತಿದ್ದ ಒಬ್ಬ ಮೌನಿ ಸಿಸ್ಟರನ್ನು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಗಳಿಗೆ ಓದಿಸಿದೆ. ಡಾಕ್ಟರ್ ನಿಜವಾಗಿಯೂ ಬೈದರೆ ಏನು ಮಾಡುವುದು ಎಂದು ಕೇಳುತ್ತಿದ್ದಾಳೆ.

ಉತ್ತರ 2ರವರು

ಬೈಗುಳ ಮುಗಿಯುವವರೆಗೆ ಕಾದು, ರಕ್ತದೊತ್ತಡದ ಅಂಕಿಯನ್ನು ಮತ್ತೊಮ್ಮೆ ಹೇಳಲಿ. ಆಗಲೂ ಬರದಿದ್ದರೆ ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸಿ, ಕರೆ ಮಾಡಿದ ಸಮಯವನ್ನು ಕೇಸ್ ಶೀಟಿನಲ್ಲಿ ಬರೆದಿಡಲಿ.