‘ಫ್ರಾಂಕೆನ್‌ಸ್ಟೈನ್’ ಕಥೆಯನ್ನು ಕನ್ನಡ ರಂಗಕ್ಕೆ ತರುವುದು: ಅನುಭವ ಹಂಚಿಕೆ

ಪ್ರಶ್ನೆ, ಮಂಡ್ಯದ ಹವ್ಯಾಸಿ ತಂಡವೊಂದರಿಂದ:
ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಒಂದೂವರೆ ಗಂಟೆಯ ಕನ್ನಡ ನಾಟಕವಾಗಿಸಬೇಕೆಂದಿದ್ದೇವೆ. ನಟರು ಕಡಿಮೆ, ಹಣ ಅದಕ್ಕಿಂತ ಕಡಿಮೆ. ಕಥೆಯನ್ನು ನಮ್ಮ ಊರಿಗೆ ಒಗ್ಗಿಸಬೇಕೆ, ವಿಜ್ಞಾನಿಯೊಬ್ಬ ಸೃಷ್ಟಿಸಿದ ಆ ವಿಕಾರ ಜೀವಿಯನ್ನು ರಂಗದ ಮೇಲೆ ಹೇಗೆ ತೋರಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೈಸೂರಿನ ನಿರ್ದೇಶಕಿಯೊಬ್ಬರ ಉತ್ತರ:
ಈ ಕಥೆಯನ್ನು ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಆಡಿಸಿದ ಅನುಭವದ ಮೇಲೆ ಹೇಳುವುದಾದರೆ, ತಾವು ಮೊದಲು ತೀರ್ಮಾನಿಸಬೇಕಾದದ್ದು ಜೀವಿಯ ವೇಷವನ್ನಲ್ಲ, ಅದರ ಮಾತನ್ನು. 1818ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಅದು ಪುಟಗಟ್ಟಲೆ ಮಾತನಾಡುತ್ತದೆ, ವಾದಿಸುತ್ತದೆ, ತನ್ನನ್ನು ಹುಟ್ಟಿಸಿ ಕೈಬಿಟ್ಟವನಿಂದ ಲೆಕ್ಕ ಕೇಳುತ್ತದೆ. ಆದರೆ 1823ರಲ್ಲಿ ಲಂಡನ್ನಿನಲ್ಲಿ ಕಥೆ ಮೊದಲ ಸಲ ರಂಗವೇರಿದಾಗಲೇ ಅದರ ಬಾಯಿ ಕಟ್ಟಿಹೋಯಿತು; ಟಿ. ಪಿ. ಕುಕ್ ಎಂಬ ನಟರು ಅದನ್ನು ಮೂಕಾಭಿನಯದಲ್ಲೇ ನಿರ್ವಹಿಸಿದರು. ಪಾತ್ರಗಳ ಪಟ್ಟಿಯಲ್ಲಿ ಜೀವಿಯ ಹೆಸರಿರಬೇಕಾದ ಕಡೆ ಬರಿಯ ಗೆರೆ ಎಳೆದಿದ್ದರು, ನಾಟಕ ನೋಡಲು ಹೋದ ಶೆಲ್ಲಿಯವರಿಗೆ ಅದು ಹಿಡಿಸಿತ್ತು. ಹೆಸರಿಲ್ಲದಿರುವುದು ಸರಿ, ಮಾತಿಲ್ಲದಿರುವುದು ನನಗೆ ಒಪ್ಪಿಗೆಯಿಲ್ಲ.

ಚಪ್ಪಟೆ ತಲೆ, ಕತ್ತಿನ ಬೋಲ್ಟು ಮುಂತಾದವು 1931ರ ಹಾಲಿವುಡ್ ಚಿತ್ರದಿಂದ ಬಂದವು. ಕಾದಂಬರಿಯಲ್ಲಿ ಜೀವ ಬರುವ ದೃಶ್ಯದಲ್ಲಿ ಸಿಡಿಲೂ ಇಲ್ಲ, ದೊಡ್ಡ ಯಂತ್ರಗಳೂ ಇಲ್ಲ. ಮೂಲದಲ್ಲಿರುವುದು ನವೆಂಬರಿನ ಒಂದು ರಾತ್ರಿ, ಕಿಟಕಿಯ ಗಾಜಿಗೆ ಬಡಿಯುವ ಮಳೆ, ಇನ್ನೇನು ಮುಗಿಯಲಿರುವ ಮೇಣದಬತ್ತಿ, ಅದರ ಬೆಳಕಿನಲ್ಲಿ ತೆರೆದುಕೊಳ್ಳುವ ಹಳದಿ ಕಣ್ಣು. ಹಣವಿಲ್ಲದ ತಂಡಕ್ಕೆ ಇಷ್ಟು ಉಪಕಾರ ಮಾಡಿಟ್ಟ ಕಾದಂಬರಿಕಾರರು ಅಪರೂಪ.

ನಾಟಕದ ಜೀವಾಳವಿರುವುದು ಕುರುಡು ಮುದುಕನ ದೃಶ್ಯದಲ್ಲಿ. ಮನೆಗೆ ಅಂಟಿಕೊಂಡ ಕೊಟ್ಟಿಗೆಯಂಥ ಜಾಗದಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಮನೆಯವರನ್ನು ನೋಡುತ್ತಾ ಮಾತು ಕಲಿತ ಜೀವಿ, ಉಳಿದವರೆಲ್ಲ ಹೊರಗೆ ಹೋದ ಹೊತ್ತು ಕಾದು ಮುದುಕನ ಎದುರು ಬರುತ್ತದೆ. ಕಣ್ಣಿಲ್ಲದ ಮುದುಕ ಕೂರಿಸಿ ಮಾತನಾಡಿಸುತ್ತಾನೆ. ಕಣ್ಣಿರುವ ಮಗ ಬಂದವನೇ ಕೋಲಿನಿಂದ ಬಡಿಯುತ್ತಾನೆ. ನಾವು ಅಲ್ಲಿಯವರೆಗೂ ಜೀವಿಯ ಬೆನ್ನನ್ನು ಮಾತ್ರ ತೋರಿಸಿದ್ದೆವು. ಮಗ ಬಾಗಿಲಲ್ಲಿ ನಿಂತು ಕಿರುಚಿದಾಗ ಅದು ಸಭೆಯತ್ತ ತಿರುಗುತ್ತದೆ: ಬಣ್ಣವಿಲ್ಲದ, ಹೊಲಿಗೆಯ ಗುರುತೂ ಇಲ್ಲದ ಸಾಧಾರಣ ಹುಡುಗನ ಮುಖ. ಕೆಲವು ಪ್ರೇಕ್ಷಕರಿಗೆ ಇದು ಮೋಸವೆನ್ನಿಸಿತು, ನನಗೆ ಈಗಲೂ ಸರಿಯೆನ್ನಿಸುತ್ತದೆ. ಮನೆಯವರು ಮಂಡ್ಯದ ಕನ್ನಡ ಆಡಿದರೆ ಕೇಳಿ ಕಲಿತ ಜೀವಿಯೂ ಅದನ್ನೇ ಆಡಬೇಕು; ಮಿಲ್ಟನ್, ಪ್ಲುಟಾರ್ಕ್ ಮೊದಲಾದವರ ಪುಸ್ತಕಗಳು ಕೈಗೆ ಸಿಕ್ಕ ಮೇಲೆ ಅದರ ಮಾತು ಮೆಲ್ಲಗೆ ಗ್ರಾಂಥಿಕದ ಕಡೆ ಹೊರಳಲಿ.

ಒಗ್ಗಿಸುವ ವಿಚಾರದಲ್ಲಿ ಹಿಂಜರಿಯಬೇಕಿಲ್ಲ. ಕುವೆಂಪು ಅವರು ಹ್ಯಾಮ್ಲೆಟ್‌ನ ಕಥೆಯನ್ನು ‘ರಕ್ತಾಕ್ಷಿ’ಯಲ್ಲಿ ಬಿದನೂರಿಗೆ ತಂದರು, ಬಿ. ಎಂ. ಶ್ರೀಯವರು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಏಜಾಕ್ಸನನ್ನು ‘ಅಶ್ವತ್ಥಾಮನ್’ ಮಾಡಿದರು. ಅವರು ಹೆಸರು ಬದಲಿಸಿ ಸುಮ್ಮನಾಗಲಿಲ್ಲ, ಕಥೆ ನಿಲ್ಲಬಲ್ಲ ಇನ್ನೊಂದು ನೆಲವನ್ನು ಹುಡುಕಿದರು. ವಿಜ್ಞಾನಿಯ ಊರಾದ ಜಿನೀವಾವನ್ನು ಮೈಸೂರೆಂದೂ ಅವನು ಓದಿದ ಇಂಗೋಲ್‌ಸ್ಟಾಟ್‌ನ ವಿಶ್ವವಿದ್ಯಾಲಯವನ್ನು ಮಾನಸಗಂಗೋತ್ರಿಯೆಂದೂ ಕರೆದ ಮಾತ್ರಕ್ಕೆ ಆ ಕೆಲಸ ಆಗುವುದಿಲ್ಲ. ಈ ಜೀವಿಯನ್ನು ಹೊಸ್ತಿಲು ದಾಟಲು ಬಿಡದವರು ನಿಮ್ಮ ಊರಿನಲ್ಲಿ ಯಾರು ಎಂಬುದಕ್ಕೆ ಖಚಿತವಾದ ಉತ್ತರವಿದ್ದರೆ ಕಥೆಯನ್ನು ತನ್ನಿ, ಇಲ್ಲವಾದರೆ ಅದು ಜಿನೀವಾದಲ್ಲೇ ಇರಲಿ.

ಮಂಡ್ಯ ತಾಲ್ಲೂಕಿನ ಪೌರಾಣಿಕ ನಾಟಕದ ಕಲಾವಿದರೊಬ್ಬರು:
ಮೇಡಂ ಅವರ ಮಾತಿಗೆ ನನ್ನದೊಂದು ಸೇರ್ಪಡೆ. ನಮ್ಮ ಕಡೆಯ ಪ್ರೇಕ್ಷಕರು ‘ಕುರುಕ್ಷೇತ್ರ’ ನೋಡಿ ಬೆಳೆದವರು. ಗದೆ ಹೊತ್ತು ದುರ್ಯೋಧನ ಬಂದರೆ ಶಿಳ್ಳೆ ಹಾಕುತ್ತಾರೆ. ಜೀವಿಗೆ ಅಂಥ ಪ್ರವೇಶ ಕೊಟ್ಟರೆ ಅದು ರಾಕ್ಷಸನಾಗಿಬಿಡುತ್ತದೆ. ರಾಕ್ಷಸನಿಗೆ ಕುಲವಿದೆ, ಹೆಸರಿದೆ, ತಾಯಿಯೂ ಇದ್ದಾಳೆ. ಇದಕ್ಕೆ ಯಾವುದೂ ಇಲ್ಲ. ಎಂಟು ಅಡಿ ಎತ್ತರವೆಂದು ಕಾದಂಬರಿಯಲ್ಲಿದೆ, ಅದಕ್ಕಾಗಿ ಮರಗಾಲು ಕಟ್ಟಬೇಡಿ. ಬಾಗಿಲ ಚೌಕಟ್ಟನ್ನು ಗಿಡ್ಡ ಮಾಡಿ, ನಟ ತಲೆ ಬಗ್ಗಿಸಿ ಒಳಬರಲಿ, ಉಳಿದವರು ಆದಷ್ಟೂ ಕುಳಿತಿರಲಿ, ಎತ್ತರ ತಾನಾಗಿ ಕಾಣುತ್ತದೆ. ಮುಖಕ್ಕೆ ಸ್ಪಿರಿಟ್ ಗಮ್ಮಿನಿಂದ ಏನಾದರೂ ಅಂಟಿಸುವುದೇ ಆದರೆ, ಲೈಟಿನ ಶಾಖಕ್ಕೆ ಬೆವರಿ ಅರ್ಧ ನಾಟಕದಲ್ಲೇ ಕಳಚುತ್ತದೆ ಎಂಬುದು ನೆನಪಿರಲಿ; ಮೀಸೆ ಕಳಚಿದರೆ ಜನ ನಕ್ಕು ಸುಮ್ಮನಾಗುತ್ತಾರೆ, ಇಲ್ಲಿ ನಾಟಕವೇ ಹೋಗುತ್ತದೆ.

ಮೈಸೂರಿನಿಂದ ಇನ್ನೊಬ್ಬರು:
2011ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಪ್ರಯೋಗದಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಜಾನಿ ಲೀ ಮಿಲ್ಲರ್ ಇಬ್ಬರೂ ವಿಜ್ಞಾನಿ ಮತ್ತು ಜೀವಿಯ ಪಾತ್ರಗಳನ್ನು ಸರದಿಯಂತೆ ಬದಲಿಸಿಕೊಂಡು ಆಡಿದರು. ಹವ್ಯಾಸಿ ತಂಡಗಳಿಗೆ ಇದು ಬೇರೆ ರೀತಿಯಲ್ಲೂ ಅನುಕೂಲ. ಪ್ರದರ್ಶನದ ಮೊದಲು ಒಬ್ಬರಿಗೆ ಗಂಟಲು ಕೆಟ್ಟರೆ ಎರಡೂ ಪಾತ್ರ ಬಲ್ಲ ಮತ್ತೊಬ್ಬರಿರುತ್ತಾರೆ. ಶೆಲ್ಲಿಯವರ ಕಾದಂಬರಿಗೆ ಯಾರ ಅನುಮತಿಯೂ ಬೇಕಿಲ್ಲ, ಆದರೆ ಈ ಪ್ರಯೋಗಕ್ಕೆ ನಿಕ್ ಡಿಯರ್ ಬರೆದ ನಾಟಕವನ್ನಾಗಲಿ, ಈಚಿನ ಕನ್ನಡ ಅನುವಾದವೊಂದನ್ನಾಗಲಿ ಬಳಸುವುದಾದರೆ ಹಕ್ಕುದಾರರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ.