ಪುಟ್ಟಿ, ಆ ಥಿನ್ನರ್ ಡಬ್ಬ ಮೊದಲು ಕೆಳಗಿಡು

ಪುಟ್ಟಿ, ನೀನು ಬೆಳಗ್ಗೆ ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ ಮೆಸೇಜು ಈಗ ನೋಡಿದೆ. ಫೋನು ಚಾರ್ಜಿಗೆ ಹಾಕಿದ್ದೆ. ಮಗ ರೈಲು ಬೋಗಿ ಮಾಡೆಲ್‌ಗೆ ಕಿಟಕಿ ಗಾಜು ಅಂಟಿಸಿ ಮಲಗಿದ, ಎದ್ದು ನೋಡಿದರೆ ಗಾಜೆಲ್ಲ ಬೆಳ್ಳಗೆ ಮಂಜಾಗಿದೆ, ಶನಿವಾರ ಸ್ಕೂಲಿನಲ್ಲಿ ಎಕ್ಸಿಬಿಷನ್, ಥಿನ್ನರ್ ಹಾಕಿ ಒರೆಸಲಾ ದೊಡ್ಡಪ್ಪ ಅಂತ ಕೇಳಿದ್ದೀಯ. ಬೇಡ. ಮುಟ್ಟಲೇಬೇಡ. ಮಾಡೆಲ್‌ನ ಗಾಜು ಅಂದರೆ ಪ್ಲಾಸ್ಟಿಕ್ಕೇ ತಾನೇ, ಅದಕ್ಕೆ ಥಿನ್ನರ್ ಬಿದ್ದರೆ ಮೇಲ್ಮೈ ಕರಗಿ ಬಿರುಕು ಬಿಡುತ್ತೆ, ಇರುವ ಗಾಜೂ ಹೋಗುತ್ತೆ. ನನಗೆ ಟೈಪ್ ಮಾಡೋದು ಆಗಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಹಿಂದೆ ಕುಕ್ಕರ್ ಕೂಗುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ.

ಸೂಪರ್ ಗ್ಲೂ ತಾನೇ ಹಾಕಿದ್ದು? ಹಾಕೇ ಇರುತ್ತಾನೆ. ಅವರಪ್ಪನ ಬುದ್ಧಿ. ಚಪ್ಪಲಿಗೂ ಅದೇ, ಮಿಕ್ಸಿ ಮುಚ್ಚಳಕ್ಕೂ ಅದೇ. ಎಲ್ಲರೂ ಕೇಳಿಸಿಕೊಳ್ಳಿ, ಕಿಟಕಿ ಗಾಜು ಇರುವ ಕಡೆ ಸೂಪರ್ ಗ್ಲೂ ತರಲೇಬಾರದು.

ನನ್ನ ಮೀಟರ್ ಗೇಜ್ ಬೋಗಿ ನೆನಪಿದೆಯಲ್ವಾ? ಅದೇ, ಅಜ್ಜಿ ಮನೆ ಷೋಕೇಸಿನಲ್ಲಿ ಇತ್ತಲ್ಲ, ಕಡುಗೆಂಪು ಬಣ್ಣದ್ದು. ನಾವು ಮೈಸೂರಿನಿಂದ ಅರಸೀಕೆರೆಗೆ ಹೋಗುತ್ತಿದ್ದ ಗಾಡಿಯ ಲೆಕ್ಕದಲ್ಲಿ ಮಾಡಿದ್ದು. ಒಂದೊಂದು ಕಿಟಕಿಗೂ ಗಾಜು ಬೇರೆಯಾಗಿಯೇ ಕತ್ತರಿಸಿದ್ದೆ. ಕೆಲವನ್ನು ಅರ್ಧ ಎತ್ತಿದ ಹಾಗೆ ಕೂರಿಸಿದ್ದೆ, ಯಾರೋ ಒಳಗೆ ಕೂತು ಗಾಳಿಗೆ ಎತ್ತಿಕೊಂಡಿದ್ದಾರೆ ಅನ್ನಿಸಲಿ ಅಂತ. ಅದನ್ನು ಬೆಂಗಳೂರಿನಲ್ಲಿ ಒಂದು ಪ್ರದರ್ಶನಕ್ಕೆ ಕೇಳಿದರು, ಕೊಟ್ಟೆ. ದಾರಿಯಲ್ಲಿ ಒಂದೇ ಒಂದು ಗಾಜು ಕಳಚಿತಂತೆ. ಅಲ್ಲಿದ್ದ ಒಬ್ಬ ಹುಡುಗ, ಒಳ್ಳೆಯದಕ್ಕೇ ಇರಬಹುದು ಪಾಪ, ನನ್ನನ್ನು ಒಂದು ಮಾತು ಕೇಳದೆ ಸೂಪರ್ ಗ್ಲೂ ಬಿಟ್ಟು ಅಂಟಿಸಿ, ಪೆಟ್ಟಿಗೆ ಮುಚ್ಚಿ ಹೋಗಿದ್ದಾನೆ. ಮಳೆಗಾಲ ಬೇರೆ.

ಮಾರನೇ ದಿನ ನಾನು ಹೋಗಿ ನೋಡುತ್ತೇನೆ, ಅಂಟಿಸಿದ್ದು ಒಂದು ಗಾಜು, ಬೆಳ್ಳಗಾಗಿದ್ದು ಆ ಸಾಲಿಗೆ ಸಾಲೇ. ಆ ಅಂಟು ಒಣಗುವಾಗ ಆವಿ ಏಳುತ್ತೆ. ಗಾಳಿಯ ತೇವ ತಗುಲಿದ ಕೂಡಲೇ ಅದು ಗಟ್ಟಿಯಾಗಿ, ಬಿಳಿ ಪುಡಿಯಾಗಿ ಅಕ್ಕಪಕ್ಕ ಕೂರುತ್ತೆ. ಪೆಟ್ಟಿಗೆ ಮುಚ್ಚಿದರೆ ಆವಿ ಎಲ್ಲಿಗೆ ಹೋಗಬೇಕು? ಬೆಳಕಿಗೆ ಹಿಡಿದು ನೋಡಿದರೆ ನಡುವಿನ ಗಾಜಿನ ಮೇಲೆ ಆ ಹುಡುಗನ ಹೆಬ್ಬೆಟ್ಟು! ಗೆರೆ ಗೆರೆ, ಸುಳಿ ಸುಳಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿಸಿಕೊಂಡ ಹಾಗೆ. ಪೊಲೀಸರು ಬೆರಳ ಗುರುತು ಹಿಡಿಯೋಕೆ ಬೇಕಂತಲೇ ಈ ಅಂಟಿನ ಆವಿ ಕೊಡುತ್ತಾರೆ, ಗೊತ್ತಾ? ಬೆರಳಿನ ಜಿಡ್ಡು, ಬೆವರು ಎಲ್ಲಿದೆಯೋ ಅಲ್ಲೇ ಹೋಗಿ ಅದು ಅಂಟಿಕೊಳ್ಳೋದು. ನನಗೆ ಪೊಲೀಸರ ಖರ್ಚಿಲ್ಲದೆ ಕಳ್ಳ ಸಿಕ್ಕಿದ, ಬೋಗಿ ಮಾತ್ರ ಹೋಯಿತು.

ಆ ಪ್ರದರ್ಶನದವರು ಏನಂದರು ಗೊತ್ತಾ? ‘ಹಳೇ ಗಾಡಿ ಅಲ್ವಾ ಸರ್, ಗಾಜು ಮಂಜಾಗಿದ್ದರೇ ನ್ಯಾಚುರಲ್ಲು.’ ಸರ್ಟಿಫಿಕೇಟಿನಲ್ಲಿ ನನ್ನ ಇನಿಷಿಯಲ್ ಕೂಡ ತಪ್ಪು. ಅದಿರಲಿ, ಹೊರಗಿನವರು. ನಮ್ಮ ವಂಶದಲ್ಲಿ ಅರ್ಧ ಜನ ಬೆಂಗಳೂರಿನಲ್ಲೇ ಇದ್ದೀರಿ, ಒಬ್ಬರಾದರೂ ಬಂದು ನೋಡಿದಿರಾ? ಹಾಸನದ ಭಾವನವರ ಮನೆ ಗೃಹಪ್ರವೇಶಕ್ಕೆ ಮಾತ್ರ ವ್ಯಾನ್ ಮಾಡಿಕೊಂಡು ಹೋದಿರಿ. ಅಲ್ಲಿ ಊಟದ ಪಂಕ್ತಿಯಲ್ಲೇ ಭಾವ ‘ಈ ವಯಸ್ಸಿನಲ್ಲಿ ಆಟದ ಸಾಮಾನಾ’ ಅಂದರಂತೆ, ಎಲ್ಲರೂ ನಕ್ಕರಂತೆ. ನನಗೆ ಯಾರು ಹೇಳಿದರು ಅಂತ ಕೇಳಬೇಡಿ. ನಾನು ಆಗಲೂ ಏನೂ ಅನ್ನಲಿಲ್ಲ, ಈಗಲೂ ಅನ್ನಲ್ಲ. ಮನೆಯಲ್ಲೇನು ಕಡಿಮೆಯಾ, ಎತ್ತಿಟ್ಟಿದ್ದ ನನ್ನ ಪಾರದರ್ಶಕ ಶೀಟನ್ನೆಲ್ಲ ನಿಮ್ಮ ದೊಡ್ಡಮ್ಮ ಕತ್ತರಿಸಿ ಉಪ್ಪಿನಕಾಯಿ ಭರಣಿಗೆ ಲೇಬಲ್ ಹೊದಿಸಿದಳು.

ಹಾಂ, ಶೀಟು. ಪುಟ್ಟಿ ಕೇಳಿದ್ದು ಬೇರೆ ಅಲ್ವಾ. ಕೇಳು.

ಬೆಳ್ಳಗಾದದ್ದನ್ನು ಉಜ್ಜುತ್ತಾ ಕೂರಬೇಡ, ಗಾಜೇ ಬದಲಾಯಿಸು. ಆ ಅಂಟು ಪೆಡಸು, ಬ್ಲೇಡಿನ ತುದಿ ತೂರಿಸಿ ಮೆಲ್ಲಗೆ ತಿರುಗಿಸಿದರೆ ಟಪ್ ಅಂತ ಬಿಡುತ್ತೆ. ಆ ಕೆಲಸ ನೀನು ಮಾಡು, ಮಗನ ಕೈಗೆ ಕೊಡಬೇಡ. ಬಿಡದೇ ಇದ್ದದ್ದನ್ನು ಮಾತ್ರ ಚೂರು ಬಿಳಿ ಟೂತ್‌ಪೇಸ್ಟ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ ನೋಡು, ತೆಳುವಾಗಿ ಕೂತಿದ್ದರೆ ಹೋಗುತ್ತೆ.

ಹೊಸ ಗಾಜಿಗೆ ಜೆರಾಕ್ಸ್ ಅಂಗಡಿಗೆ ಹೋಗು. ಓಎಚ್‌ಪಿ ಶೀಟು ಕೇಳು, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅದು. ಇಂಕ್‌ಜೆಟ್ ಪ್ರಿಂಟರಿನದು ಬೇಡ, ಅದರ ಒಂದು ಮಗ್ಗುಲು ತರಿತರಿ ಇರುತ್ತೆ. ಸಿಗದಿದ್ದರೆ ಸ್ಪೈರಲ್ ಬೈಂಡಿಂಗಿಗೆ ಮೇಲೆ ಹಾಕುವ ಶೀಟೂ ಆದೀತು, ಆದರೆ ತೆಳುವಾದದ್ದೇ ನೋಡಿ ತಾ. ಅವನ ಬೋಗಿ ನಿಜದ ಬೋಗಿಯ 87ನೇ ಒಂದು ಭಾಗ ಅಂದಿದ್ದ. 1 ಮಿಲಿಮೀಟರ್ ದಪ್ಪದ್ದು ಹಾಕಿದರೆ ನಿಜದ ಗಾಡಿಯಲ್ಲಿ 87 ಮಿಲಿಮೀಟರ್ ಗಾಜು ಇದ್ದ ಲೆಕ್ಕ. 0.1 ಆದರೆ 9ರ ಒಳಗೆ, ಸರಿಹೋಗುತ್ತೆ.

ಕಿಟಕಿಗಿಂತ ಸುತ್ತಲೂ ಚೂರು ದೊಡ್ಡದಾಗಿ ಕತ್ತರಿಸಿ ಒಳಗಿನಿಂದ ಅಂಟಿಸಬೇಕು. ಫೆವಿಕಾಲ್ ಸಾಕು. ಹಲ್ಲುಕಡ್ಡಿಯಲ್ಲಿ ತೆಗೆದುಕೊಂಡು ಚೌಕಟ್ಟಿನ ಒಳ ಅಂಚಿಗೆ ಹಚ್ಚು, ಗಾಜಿಗಲ್ಲ. ಹೆಚ್ಚಾಗಿ ಉಕ್ಕಿದ್ದನ್ನು ಒಣಗುವ ಮುಂಚೆ ಒದ್ದೆ ಇಯರ್‌ಬಡ್‌ನಲ್ಲಿ ಒರೆಸಿದರಾಯಿತು. ಗಾಜನ್ನು ಅಂಚಿನಲ್ಲೇ ಹಿಡಿಯಲಿ. ರಾತ್ರಿ ಬೋಗಿಯ ಛಾವಣಿ ತೆಗೆದಿಟ್ಟು ಒಣಗಲು ಬಿಡು. ಜೋರಾಗಿ ಒತ್ತಿದರೆ ಕಳಚುತ್ತೆ, ಆದರೆ ಕಿಟಕಿಯನ್ನು ಯಾರು ಒತ್ತುತ್ತಾರೆ? ಬಣ್ಣ, ಹೊಳಪು ತೆಗೆಯುವ ಮ್ಯಾಟ್ ವಾರ್ನಿಷ್ ಸ್ಪ್ರೇ ಏನಾದರೂ ಬಾಕಿ ಇದ್ದರೆ ಅದೆಲ್ಲ ಗಾಜು ಕೂರಿಸುವುದಕ್ಕೆ ಮುಂಚೆಯೇ ಮುಗಿಯಲಿ, ಇಲ್ಲದಿದ್ದರೆ ಮತ್ತೆ ಮಂಜೇ.

ಸ್ಟೇಷನ್ ಕಟ್ಟಡವೂ ಮಾಡಿದ್ದಾನಲ್ಲ, ಅದರ ಪುಟ್ಟ ಕಿಂಡಿಗಳಿಗೆ ಶೀಟೂ ಬೇಡ. ಐದಾರು ಮಿಲಿಮೀಟರ್ ಒಳಗಿನದಾದರೆ ಹಲ್ಲುಕಡ್ಡಿಯಲ್ಲಿ ಫೆವಿಕಾಲನ್ನು ಅಂಚಿಗೆಲ್ಲ ಸವರಿ, ಅಡ್ಡಕ್ಕೆ ಎಳೆದರೆ ಪೊರೆ ಕಟ್ಟುತ್ತೆ. ಹಾಕಿದಾಗ ಹಾಲಿನ ಬಣ್ಣ, ಒಣಗಿದ ಮೇಲೆ ತಿಳಿಯಾಗುತ್ತೆ. ಸ್ವಲ್ಪ ಅಲೆ ಅಲೆಯಾಗಿ ಬರುತ್ತೆ, ಹಳೇ ಕಟ್ಟಡದ ಗಾಜಿಗೆ ಅದೇ ಚೆನ್ನ.

ಕಿತ್ತ ಗಾಜು ಎಸೆಯಬೇಡ. ಎರಡು ತುದಿಗೂ ಟಾಯ್ಲೆಟ್ ಕಿಟಕಿ ಇರುತ್ತಲ್ಲ, ಅದಕ್ಕೆ ನಿಜದ ಬೋಗಿಯಲ್ಲೂ ಮಸುಕು ಗಾಜೇ. ಬೆಳ್ಳಗಾದದ್ದರಲ್ಲಿ ಚೆನ್ನಾಗಿರುವುದನ್ನು ಅಲ್ಲಿಗೆ ಹಾಕು. ಅದನ್ನೂ ಫೆವಿಕಾಲಿನಲ್ಲೇ.