ಇಂಗ್ಲಿಷ್ ವಿರುದ್ಧ ಪದಗಳು ಪರೀಕ್ಷೆಯಲ್ಲಿ ಕೈಕೊಡುತ್ತಿವೆ

ಪ್ರಶ್ನೆ (ಬಂಗಾರಪೇಟೆ):
ಕೇಂದ್ರ ಸರ್ಕಾರಿ ಹುದ್ದೆಗಳಿಗೆ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ನಡೆಸುವ ಪದವೀಧರ ಮಟ್ಟದ ಸಿಜಿಎಲ್ ಪರೀಕ್ಷೆಗೆ ಸಿದ್ಧನಾಗುತ್ತಿರುವ ನಾನು, ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ರೈಲಿನಲ್ಲೇ ವಿರುದ್ಧ ಪದಗಳ ಪಟ್ಟಿಯನ್ನು ಉರು ಹೊಡೆಯುತ್ತೇನೆ. ಆದರೂ ನಾಲ್ಕು ಆಯ್ಕೆಗಳು ಎದುರಾದಾಗ ಗೊಂದಲವಾಗುತ್ತದೆ. ನಿನ್ನೆಯ ಅಣಕು ಪರೀಕ್ಷೆಯಲ್ಲಿ ‘ಫ್ರೂಗಲ್’ ಪದಕ್ಕೆ ‘ಥ್ರಿಫ್ಟಿ’ ಎಂದು ಗುರುತು ಹಾಕಿದೆ. ಬಲ್ಲವರು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ (ಚಿಂತಾಮಣಿ):
ಎರಡರ ಅರ್ಥವೂ ಮಿತವ್ಯಯಿ ಎಂದೇ. ಸಮಾನಾರ್ಥಕ ಪದವನ್ನು ಆಯ್ಕೆಗಳ ನಡುವೆ ಇಡುವುದು ಪ್ರಶ್ನೆ ತೆಗೆಯುವವರ ಹಳೆಯ ವರಸೆ. ಆಯ್ಕೆಗಳನ್ನು ನೋಡುವ ಮೊದಲೇ ‘ಮಿತವ್ಯಯಿ, ದುಂದುಗಾರ’ ಎಂದು ಕನ್ನಡದಲ್ಲಿ ಹೇಳಿಕೊಂಡರೆ ‘ಎಕ್ಸ್‌ಟ್ರಾವಗೆಂಟ್’ ತಾನಾಗಿ ಕಣ್ಣಿಗೆ ಬೀಳುತ್ತದೆ. ಮೊದಲ ಹಂತದಲ್ಲಿ ಇಂಗ್ಲಿಷಿನ 25 ಪ್ರಶ್ನೆಗಳಿದ್ದು, ತಪ್ಪಿಗೆ 0.50 ಅಂಕ ಕಳೆಯುತ್ತಾರೆ, ಆತುರ ಬೇಡ.

ಉತ್ತರ (ತುಮಕೂರು):
ಪಟ್ಟಿಗಿಂತ ಉಪಸರ್ಗಗಳನ್ನು ಕಲಿಯುವುದು ಮೇಲು ಎಂಬುದು ನನ್ನ ಅನುಭವ. ಪದದ ಮುಂದೆ ಸೇರಿ ‘ಅಲ್ಲ’ ಎಂಬ ಅರ್ಥ ಕೊಡುವ ಲ್ಯಾಟಿನ್ ಮೂಲದ ‘ಇನ್’ ಎಂಬುದು ಪ, ಬ, ಮ ಧ್ವನಿಗಳ ಮುಂದೆ ‘ಇಮ್’ ಆಗಿ, ಲಕಾರದ ಮುಂದೆ ‘ಇಲ್’ ಆಗಿ, ರಕಾರದ ಮುಂದೆ ‘ಇರ್’ ಆಗಿ ಬದಲಾಗುವುದರಿಂದ ‘ಇಂಪಾಸಿಬಲ್’, ‘ಇಲ್ಲೀಗಲ್’, ‘ಇರ್‌ರೆಗ್ಯುಲರ್’ ಹುಟ್ಟುತ್ತವೆ. ಆದರೆ ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದಲ್ಲ. ನಮ್ಮ ‘ಅಮೂಲ್ಯ’ದಂತೆ ಬೆಲೆ ಕಟ್ಟಲಾಗದ್ದು. ಪೆಟ್ರೋಲ್ ಟ್ಯಾಂಕರಿನ ಹಿಂದೆ ಬರೆದಿರುವ ‘ಇನ್‌ಫ್ಲೇಮಬಲ್’ ಕೂಡ ‘ಫ್ಲೇಮಬಲ್’ಗೆ ವಿರುದ್ಧವಲ್ಲ, ಎರಡೂ ಬೇಗ ಹೊತ್ತಿಕೊಳ್ಳುವಂಥದ್ದೇ.

ಪ್ರಶ್ನೆ ಕೇಳಿದವರು:
‘ಅಮೂಲ್ಯ’ದ ಹೋಲಿಕೆ ನನಗೆ ಹೊಳೆದೇ ಇರಲಿಲ್ಲ, ಧನ್ಯವಾದಗಳು. ಇಂಥ ಮೋಸದ ಪದಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಡಲು ಆರಂಭಿಸಿದ್ದೇನೆ.